ತಲೆದೂಗಿದ ತಪ್ಪಿಗೆ

ನಮ್ಮ ಕಡೆ ಹಾಡು ಚೆನ್ನಾಗಿದ್ದರೆ ತಲೆ ಅಡ್ಡಡ್ಡ ಆಡುತ್ತದೆ. ನಾವು ಆಡಿಸುವುದಲ್ಲ, ತಾನೇ ಆಡುತ್ತದೆ. ತೀರಾ ಚೆನ್ನಾಗಿದ್ದರೆ ಬಾಯಿ ಲೊಚಗುಟ್ಟುತ್ತದೆ, ಮುಖ ಹಲ್ಲುನೋವು ಬಂದವರ ಹಾಗೆ ಕಿವುಚಿಕೊಳ್ಳುತ್ತದೆ, ಕೈ ತೊಡೆಯ ಮೇಲೆ ಬೀಳುತ್ತದೆ. “ಛೆ! ಛೆ!” ಅನ್ನುತ್ತೇವೆ. ಎದುರಿಗೆ ಕೂತವರು ಹೀಗೆ ಒದ್ದಾಡಿದಷ್ಟೂ ಹಾಡುವವರಿಗೆ ಹುರುಪು. ಧಾರವಾಡದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದ ಷಾರ್ಲೆಟ್‌ನಲ್ಲಿ ಒಬ್ಬ ಮನುಷ್ಯನಿಗೆ ಹೇಳಬೇಕಾಗಿತ್ತು, ನಾನು ಹೇಳಲಿಲ್ಲ. ಹೇಳಬೇಕಾದೀತು ಅಂತ ಯಾರಿಗೆ ಹೊಳೆಯುತ್ತದೆ?

ನನ್ನ ಹೆಸರು ಅಣ್ಣಾಸಾಹೇಬ. ಧಾರವಾಡ ಆಕಾಶವಾಣಿಯಲ್ಲಿ ಮೂವತ್ತೊಂದು ವರ್ಷ ತಂಬೂರಿ ನುಡಿಸಿದವನು. ತಂಬೂರಿಯವನ ಹೆಸರು ಯಾರಿಗೂ ಬೇಕಾಗಿಲ್ಲ. ಆದರೆ ಹಾಡುವವರ ಬೆನ್ನ ಹಿಂದೆ ಕೂತೂ ಕೂತೂ, ಸ್ವರ ಎಲ್ಲಿ ಕೂದಲೆಳೆಯಷ್ಟು ಇಳಿಯಿತು ಅನ್ನುವುದು ಅವನಿಗೆ ತಿಳಿದಷ್ಟು ಮತ್ತೊಬ್ಬರಿಗೆ ತಿಳಿಯದು. ರಿಟೈರ್ ಆದ ಮೇಲೆ, ತೊಂಬತ್ತಮೂರರಲ್ಲಿ, ಮಗಳು ಸಿದ್ದೇಶ್ವರಿ ಷಾರ್ಲೆಟ್‌ಗೆ ತನ್ನ ಹತ್ತಿರ ಕರೆಸಿಕೊಂಡಳು. ಅವಳು ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ಡಾಕ್ಟರು. ಅಳಿಯ ರವಿಶಂಕರ ಮೈಸೂರಿನವನು, ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಬೆಳಿಗ್ಗೆ ಇಬ್ಬರೂ ಎರಡು ಕಾರು ಹತ್ತಿ ಹೊರಟರೆ ಆ ರಸ್ತೆಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಉಳಿಯುತ್ತಿದ್ದವರು ನಾನು ಮತ್ತು ಮೂರನೇ ಮನೆಯ ಸಿರಿಲ್ ಹ್ಯಾಥವೇ. ಆ ಬಡಾವಣೆಯಲ್ಲಿ ಕಾರು ಓಡಿಸಲು ಬಾರದ ಗಂಡಸರೂ ನಾವಿಬ್ಬರೇ. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಹ್ಯಾಥವೇ ಇಂಗ್ಲೆಂಡಿನವನು, ನನಗಿಂತ ಒಂಬತ್ತು ವರ್ಷ ಹಿರಿಯ. ನನ್ನ ಹೆಸರು ಅಣ್ಣಾ, ಮನೆತನದ ಹೆಸರು ಸಾಹೇಬ ಅಂತ ತಿಳಿದಿದ್ದ. ಇಂಗ್ಲಿಷರವನ ಬಾಯಲ್ಲಿ ‘ಮಿಸ್ಟರ್ ಸಾಹೇಬ್’ ಅನ್ನಿಸಿಕೊಂಡ ಧಾರವಾಡದವನು ನಾನೊಬ್ಬನೇ ಇರಬೇಕು. ತಿದ್ದಲಿಲ್ಲ. ಕಿವಿಗೆ ಹಿತವಾಗಿತ್ತು.

ಅವನು ಒಪೆರಾ ವಿಮರ್ಶಕ. ಒಪೆರಾ ಎಂದರೆ ನಮ್ಮ ಸಂಗೀತ ನಾಟಕದಂಥದ್ದೇ, ಮಾತು ಇಲ್ಲ, ಪೂರ್ತಿ ಹಾಡು. ಹುಟ್ಟಿದ್ದು ಹತ್ತಿ ಗಿರಣಿಗಳ ಊರಿನಲ್ಲಿ. ಗಿರಣಿಯ ಭೋಂಗಾ ಯಾವ ಸ್ವರದಲ್ಲಿ ಕೂಗುತ್ತದೆ ಅಂತ ಐದನೇ ವಯಸ್ಸಿಗೇ ಹೇಳಿ ಚರ್ಚಿನ ಆರ್ಗನ್ ನುಡಿಸುವವನಿಂದ ಭೇಷ್ ಅನ್ನಿಸಿಕೊಂಡಿದ್ದನಂತೆ. “ಹುಬ್ಬಳ್ಳಿ ಗಿರಣಿಯದು ಹಾರ್ಮೋನಿಯಮ್ಮಿನ ಕಪ್ಪು ಎರಡರ ಶ್ರುತಿ” ಅಂತ ನಾನೂ ಹೇಳಿದೆ. ಇಬ್ಬರೂ ಭೋಂಗಾ ಕೂಗಿ ತೋರಿಸಿಕೊಂಡೆವು. ಮುಂದೆ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇಪ್ಪತ್ತು ವರ್ಷ ಒಪೆರಾ ಬಗ್ಗೆ ಬರೆದ. ಅವನು ಬರೆದದ್ದನ್ನು ಓದಿ ದೊಡ್ಡ ದೊಡ್ಡ ಗಾಯಕರು ಊಟ ಬಿಟ್ಟಿದ್ದುಂಟಂತೆ. ಆಮೇಲೆ ಕೆರೊಲೈನಾ ಕಡೆಯ ಹಾಡಿನ ಟೀಚರ್ ಮಾರ್ಗರೆಟ್‌ಳನ್ನು ಮದುವೆಯಾಗಿ ವಾಷಿಂಗ್ಟನ್ನಿಗೆ ಬಂದ. ಅಲ್ಲಿನ ಪತ್ರಿಕೆ ಅಂಕಣ ನಿಲ್ಲಿಸಿದಾಗ ಅಟ್ಲಾಂಟಾ. ಅಟ್ಲಾಂಟಾದವರು ನಿಲ್ಲಿಸಿದಾಗ ಹೆಂಡತಿಯ ಊರು ಷಾರ್ಲೆಟ್. ಒಂದೊಂದೇ ಮೆಟ್ಟಿಲು ಇಳಿದು ಬಂದರೂ ಅವನ ಮಾತಿನ ತೂಕ ಇಳಿದಿರಲಿಲ್ಲ. ಇಲ್ಲಿ ಅವನು ಬರೆದದ್ದನ್ನು ವಾಷಿಂಗ್ಟನ್ನಿನ ಒಪೆರಾದವರು ಇನ್ನೂ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ತೊಂಬತ್ತೈದರ ಜನವರಿಯಲ್ಲಿ ಮಾರ್ಗರೆಟ್ ತೀರಿಕೊಂಡಳು. ಪತ್ರಿಕೆಯವರಿಗೆ ಕೊಡುವ ಎರಡು ಟಿಕೆಟ್‌ಗಳಲ್ಲಿ ಒಂದು ಖಾಲಿ ಉಳಿಯಿತು. “ಮಿಸ್ಟರ್ ಸಾಹೇಬ್, ನೀವು ಬನ್ನಿ” ಅಂದ. ಹೋದೆ. ಭಾನುವಾರ ಮಧ್ಯಾಹ್ನದ ಆಟ. ಸಿದ್ದೇಶ್ವರಿ ಕಾರಿನಲ್ಲಿ ಬಿಟ್ಟು, ಮುಗಿದ ಮೇಲೆ ಕರೆದುಕೊಂಡು ಬರುತ್ತಿದ್ದಳು.

ಮೊದಲ ಮೂರು ಸಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು, ಕೋಣ ನಾನೇ. ಒಬ್ಬಳು ಹುಡುಗಿ ಮೂರು ಅಂಕ ಪ್ರೀತಿ ಮಾಡಿ ನಾಲ್ಕನೆಯದರಲ್ಲಿ ಸಾಯುತ್ತಾಳೆ. ಸಾಯುವಾಗ ಅಷ್ಟು ಗಟ್ಟಿಯಾಗಿ ಕೂಗುವ ಶಕ್ತಿ ಇದ್ದರೆ ಬದುಕಬಾರದೇ ಅಂತ ನನಗೆ ಸಿಟ್ಟು. ಕಲ್ಲಿನ ಹಾಗೆ ಕೂತಿದ್ದೆ, ಒಮ್ಮೆ ಗೊರಕೆಯನ್ನೂ ಹೊಡೆದೆ. ಆ ಮೂರು ಆಟಗಳ ಬಗ್ಗೆಯೂ ಹ್ಯಾಥವೇ ಪತ್ರಿಕೆಯಲ್ಲಿ “ಪರವಾಗಿಲ್ಲ” ಅನ್ನುವಂತೆ ಬರೆದ. ಎಂಥ ಹದವಾದ ಮನುಷ್ಯ, ನನ್ನ ಅಭಿಪ್ರಾಯವೇ ಅವನದೂ ಅಂತ ಹೆಮ್ಮೆಪಟ್ಟೆ. ನನ್ನ ಬುದ್ಧಿಗಿಷ್ಟು!

ನಾಲ್ಕನೆಯದು ಅಕ್ಟೋಬರಿನಲ್ಲಿ. ಹಾಡಬೇಕಾಗಿದ್ದವಳಿಗೆ ಗಂಟಲು ಕೆಟ್ಟು, ಅವಳ ಬದಲು ಲೊರೇನ್ ಟಿಲ್‌ಮನ್ ಎಂಬ ಹುಡುಗಿ ನಿಂತಳು. ರಾಜ್ಯದ ಗಡಿಯಾಚೆಯ ಫೋರ್ಟ್ ಮಿಲ್‌ನವಳು, ಇಪ್ಪತ್ತೆಂಟು ವರ್ಷ, ಶಾಲೆಯಲ್ಲಿ ಸಂಗೀತ ಕಲಿಸುವವಳು ಅಂತ ಬಾಗಿಲಲ್ಲಿ ಕೊಟ್ಟ ಚೀಟಿಯಲ್ಲಿ ಬರೆದಿತ್ತು. ಎರಡನೇ ಅಂಕದವರೆಗೆ ನಾನು ಎಂದಿನಂತೆ ಕೂತಿದ್ದೆ. ಮೂರನೆಯದರಲ್ಲಿ ಅವಳು ಮೇಲಿನ ಒಂದು ಸ್ವರಕ್ಕೆ ಹೋದಳು. ಮಿಕ್ಕವರೆಲ್ಲ ಅಲ್ಲಿಗೆ ಹೋಗಿ ಕೂಗುತ್ತಿದ್ದರು. ಇವಳು ಹೋಗಿ ನಿಂತು, ದನಿಯನ್ನು ತೆಳ್ಳಗೆ ಮಾಡುತ್ತಾ ಬಂದಳು. ಇನ್ನೇನು ಹರಿಯಿತು ಅನ್ನುವಷ್ಟು ತೆಳ್ಳಗೆ. ಹರಿಯಲಿಲ್ಲ. ಶ್ರುತಿ ಅಲುಗಲೂ ಇಲ್ಲ. ಮೂವತ್ತೊಂದು ವರ್ಷದಲ್ಲಿ ಅಂಥ ಸ್ವರವನ್ನು ನಾನು ಕೇಳಿದ್ದು ನಾಲ್ಕೈದು ಸಲ ಇರಬಹುದು.

ನನ್ನ ತಲೆ ಹೋಯಿತು. ಅಡ್ಡಡ್ಡ, ಅಡ್ಡಡ್ಡ. ಲೊಚಗುಟ್ಟಿದೆ. “ಛೆ!” ಅಂದೆ. ಹಣೆ ಚಚ್ಚಿಕೊಂಡೆ. ಕಣ್ಣೀರು ಬಂತು, ಅಂಗೈಯಿಂದ ಮುಖ ಮುಚ್ಚಿಕೊಂಡೆ. ಪಕ್ಕದಲ್ಲಿ ಹ್ಯಾಥವೇಯ ಪೆನ್ಸಿಲ್ ಕಾಗದದ ಮೇಲೆ ಓಡುತ್ತಿತ್ತು. ಬರೆಯಪ್ಪಾ ಬರೆ ಅಂದುಕೊಂಡೆ.

ಮಂಗಳವಾರ ಸಿದ್ದೇಶ್ವರಿ ತಿಂಡಿ ತಿನ್ನುತ್ತ ಪತ್ರಿಕೆ ನೋಡುತ್ತಿದ್ದವಳು ಚಮಚೆ ಕೆಳಗಿಟ್ಟಳು.

“ಅಪ್ಪಾ, ಆ ಹುಡುಗಿ ಭಾಳ ಚೊಲೊ ಹಾಡಿದ್ಲು ಅಂದಿದ್ದಿಲ್ಲ ನೀನು?”

“ಹೌದು. ಯಾಕ?”

“ಇವರು ನೋಡು ಏನ ಬರದಾರ.” ಓದಿ ಕನ್ನಡದಲ್ಲಿ ಹೇಳಿದಳು: ಮಿಸ್ ಟಿಲ್‌ಮನ್ ಅವರ ದನಿ ಕೆಳಗಿನ ಸ್ವರಗಳಲ್ಲಿ ಹಿತವಾಗಿದೆ, ಮೇಲಿನ ಸ್ವರಗಳು ಅವರ ಅಳವಿಗೆ ಮೀರಿದವು. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರು ಮೂವತ್ತು ವರ್ಷ ಶ್ರುತಿಯ ಜೊತೆ ಬಾಳಿದವರು. ಮೂರನೇ ಅಂಕದಲ್ಲಿ ಅವರು ತಮ್ಮ ಯಾತನೆಯನ್ನು ಅಡಗಿಸಲಾರದೆ ಹೋದರು.

“ಯಾತನೆ ಅಂತ,” ಅಂದಳು ಸಿದ್ದೇಶ್ವರಿ. “ಅಪ್ಪಾ, ನೀ ಅಲ್ಲೆ ಕೂತು ಏನ್ ಮಾಡಿದಿ?”

ಮಾಡಿ ತೋರಿಸಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳಿಯ ಟೈ ಕಟ್ಟಿಕೊಳ್ಳುತ್ತಿದ್ದವನು ಅಲ್ಲಿಂದಲೇ, “ಮಾವ, ಇಲ್ಲಿಯವ್ರಿಗೆ ಹಾಗೆ ಮಾಡಿದ್ರೆ ಥೂ ಅಂದ ಹಾಗೆ” ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಒಂದು ಮಾತೂ ಆಡಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಮೂರನೇ ಮನೆಗೆ ಹೋದೆ. ನನ್ನ ಇಂಗ್ಲಿಷ್ ಸಿಟ್ಟು ಬಂದಾಗ ಚೆನ್ನಾಗಿರುತ್ತದೆ. “ಹ್ಯಾಥವೇ, ನೀನು ಬರೆಯಬೇಕಾದ್ದು ನಿನ್ನ ಕಿವಿ ಕೇಳಿದ್ದನ್ನು. ನನ್ನ ಮುಖ ನೋಡಿ ಯಾಕೆ ಬರೆದೆ?” ಅಂದೆ. ಆ ತಲೆಯಾಟದ ಅರ್ಥ ಹೇಳಿದೆ. ನಾವು ‘ಹೂಂ’ ಅನ್ನಲು ತಲೆ ಓಲಾಡಿಸುತ್ತೇವೆ ಅನ್ನುವುದು ಅವನಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಅವನ ಮುಖ ಸುಣ್ಣದ ಹಾಗಾಯಿತು. ಕುರ್ಚಿಯಲ್ಲಿ ಕೂತ.

“ನನಗೆ ಕೇಳಿಸುವುದಿಲ್ಲ,” ಅಂದ.

ಫೋನು ಕೇಳಿಸುವುದಿಲ್ಲ, ಕಿವಿಯಲ್ಲಿ ಮಷಿನ್ ಇದೆ ಅನ್ನುವುದು ನನಗೂ ಗೊತ್ತಿತ್ತು. ಅವನು ಹೇಳಿದ್ದು ಅದಲ್ಲ. ಗಂಡಸರ ದನಿ ಕೇಳುತ್ತದೆ, ವಾದ್ಯಗಳಲ್ಲಿ ದಪ್ಪ ದನಿಯವು ಕೇಳುತ್ತವೆ. ಹೆಂಗಸರು ಮೇಲಿನ ಸ್ವರಕ್ಕೆ ಹೋದರೆ ಬಾಯಿ ತೆರೆದಿರುವುದು ಕಾಣುತ್ತದೆ, ಒಳಗಿನಿಂದ ಏನೂ ಬರುವುದಿಲ್ಲ. ಆರು ವರ್ಷದಿಂದ ಹೀಗೆ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾನೆ. ಆಟದಲ್ಲಿ ಮಾರ್ಗರೆಟ್ ಅವನ ಮೊಣಕಾಲಿನ ಮೇಲೆ ಕೈ ಇಟ್ಟು ಕೂರುತ್ತಿದ್ದಳು. ಒತ್ತಿದರೆ ಚೆನ್ನಾಗಿದೆ, ಕೈ ತೆಗೆದರೆ ಇಲ್ಲ. ಆರು ವರ್ಷ ಆ ಕೈ ಹೇಳಿದ್ದನ್ನೇ ಬರೆದ. ಅವಳು ಹೋದ ಮೇಲೆ ನನ್ನ ಮುಖ.

“ಹಾಗಾದರೆ ತಪ್ಪಾಯಿತು ಅಂತ ಬರೆ.”

“ಏನಂತ ಬರೆಯಲಿ? ನಾನು ಕೇಳಲೇ ಇಲ್ಲ ಅಂತ ಬರೆದರೆ ಬೈಗುಳ ಅಳಿಯುತ್ತದೆ, ಅಷ್ಟೇ. ಕೇಳದವನು ಹೊಗಳಿದರೆ ಅದಕ್ಕೆ ಬೆಲೆ ಉಂಟೇ?”

“ನಾನು ಕೇಳಿದ್ದೇನಲ್ಲ! ನನ್ನ ಹೆಸರು ಹಾಕಿ ಬರೆ.”

ಹಾಗೆ ಹೇಳಲು ನೀನು ಯಾರು ಅಂತ ಅವನು ಕೇಳಬಹುದಿತ್ತು, ಮರ್ಯಾದಸ್ಥ, ಕೇಳಲಿಲ್ಲ. ಗೋಡೆಯ ತುಂಬಾ ಅವನು ಬರೆದದ್ದರ ಕಟ್ಟುಗಳು. ಅದರಲ್ಲಿ ಕೊನೆಯ ಆರು ವರ್ಷದ್ದು ಸುಳ್ಳು ಅಂದರೆ ಜನ ಮಿಕ್ಕದ್ದನ್ನೂ ಸುಳ್ಳೇ ಅಂದುಕೊಳ್ಳುತ್ತಾರೆ. ಅವನ ಸಂಕಟ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಆ ಹುಡುಗಿಯಿಂದಲೇ ಕಾಗದ ಬಂತು. ಹ್ಯಾಥವೇ ಅದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದ. ದೂರು ಇರಲಿಲ್ಲ. ‘ಇನ್ನು ಮೂರು ವಾರಕ್ಕೆ ವಾಷಿಂಗ್ಟನ್ನಿನ ಒಪೆರಾದವರು ಆಯ್ಕೆಗೆ ನನ್ನನ್ನು ಕರೆದಿದ್ದಾರೆ. ಈ ವರ್ಷ ಬಿಟ್ಟರೆ ವಯಸ್ಸು ಮೀರುತ್ತದೆ. ನನ್ನ ಮೇಲಿನ ಸ್ವರಗಳು ನೀವು ಬರೆದ ಹಾಗೇ ಇದ್ದರೆ ಹೋಗಿ ಅವರ ಹೊತ್ತು ಹಾಳು ಮಾಡುವುದಿಲ್ಲ. ಎಲ್ಲಿ ತಪ್ಪಿದೆ ಅಂತ ತೋರಿಸಿಕೊಟ್ಟರೆ ಹಗಲಿರುಳು ತಿದ್ದುತ್ತೇನೆ. ಒಮ್ಮೆ ಬರಲೇ?’

“ಕರೆದಿದ್ದೇನೆ,” ಅಂದ ಹ್ಯಾಥವೇ. “ಸೋಮವಾರ ನಾಲ್ಕು ಗಂಟೆಗೆ. ಅವಳೆದುರಿಗೆ ನಿಜ ಹೇಳುತ್ತೇನೆ. ನೀನೂ ಬಾ. ನೀನು ಕೇಳಿದ್ದನ್ನು ನೀನು ಹೇಳು.” ಗಟ್ಟಿ ಮನುಷ್ಯ ಅನ್ನಿಸಿತು. ಆ ನಾಲ್ಕು ದಿನ ನಾನು ಕನ್ನಡಿಯ ಮುಂದೆ ನಿಂತು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದನ್ನು ರೂಢಿ ಮಾಡಿದೆ. ಅರವತ್ತೆರಡರ ವಯಸ್ಸಿನಲ್ಲಿ!

ಸೋಮವಾರ ಸರಿಯಾಗಿ ನಾಲ್ಕಕ್ಕೆ ಹಳೆಯ ನೀಲಿ ಕಾರು ಬಂದು ನಿಂತಿತು. ಎತ್ತರದ ಹುಡುಗಿ, ಕೈಯಲ್ಲಿ ಹಾಡಿನ ಪುಸ್ತಕ, ಅದರೊಳಗೆ ಕತ್ತರಿಸಿದ ಆ ವಿಮರ್ಶೆ. ನನ್ನನ್ನು ನೋಡಿದವಳೇ ಗುರುತು ಹಿಡಿದಳು. “ಪಕ್ಕದಲ್ಲಿ ಕೂತಿದ್ದ ಹಿರಿಯರು ನೀವೇ ಅಲ್ಲವೇ?” ಅಂತ ನಕ್ಕು ಕೈ ಕೊಟ್ಟಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹ್ಯಾಥವೇ ಚಹಾ ಮಾಡಿದ. ಚಹಾ ಆದ ಮೇಲೆ ಹೇಳುತ್ತೇನೆ ಅಂತ ನನಗೆ ಕಣ್ಣಲ್ಲೇ ತಿಳಿಸಿದ. ಅವಳ ತುಟಿ ನೋಡುತ್ತ ಅವಳ ಶಾಲೆಯ ಬಗ್ಗೆ, ಬಸ್ ಡ್ರೈವರ್ ಆಗಿದ್ದ ಅವಳ ಅಪ್ಪನ ಬಗ್ಗೆ ಕೇಳಿದ. ಒಂದು ಮಾತೂ ತಪ್ಪಲಿಲ್ಲ. ಯಾರೇ ನೋಡಿದರೂ ಚುರುಕು ಕಿವಿಯ ಮುದುಕ ಅನ್ನಬೇಕು. ನಾನು ಮೇಜಿನ ಕೆಳಗೆ ಅವನ ಕಾಲು ಒದ್ದೆ. ಅವನು ಗಂಟಲು ಸರಿಮಾಡಿಕೊಂಡು “ಮಿಸ್ ಟಿಲ್‌ಮನ್” ಅಂದ.

ಅವಳು ತಟ್ಟನೆ ಎದ್ದು ನಿಂತಳು. “ಸರ್, ಮೊದಲು ಹಾಡಿಬಿಡುತ್ತೇನೆ. ಅದೇ ಜಾಗ. ಆಮೇಲೆ ನೀವು ಹೇಳಿದರೆ ನನಗೆ ತಿಳಿಯುತ್ತದೆ. ಹೆದರಿಕೆ ಆಗುತ್ತಿದೆ, ತಡೆದರೆ ಹಾಡಲಾರೆ.” ನಾವು ಬೇಡ ಅನ್ನುವ ಮೊದಲೇ ಪಿಯಾನೋದಲ್ಲಿ ಒಂದು ಸ್ವರ ಒತ್ತಿ ಕಣ್ಣು ಮುಚ್ಚಿ ಶುರು ಮಾಡಿಬಿಟ್ಟಳು.

ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೆ. ಹಲ್ಲು ಕಚ್ಚಿದೆ. ಚಹಾದ ಕುಡಿಕೆಯನ್ನೇ ನೋಡುತ್ತ ಕೂತೆ. ಹ್ಯಾಥವೇ ಒಮ್ಮೆ ಅವಳ ಬಾಯಿ ನೋಡುತ್ತಿದ್ದ, ಒಮ್ಮೆ ನನ್ನ ಮುಖ ನೋಡುತ್ತಿದ್ದ. ಸ್ವರ ಮೇಲೆ ಹೋಯಿತು. ನಿಂತಿತು. ತೆಳ್ಳಗಾಗತೊಡಗಿತು. ರಂಗಮಂದಿರದಲ್ಲಿ ದೂರ ಇತ್ತು, ಇಲ್ಲಿ ನಾಲ್ಕು ಮೊಳದಲ್ಲಿ. ಮೇಲಕ್ಕೂ ಕೆಳಕ್ಕೂ, ಮೇಲಕ್ಕೂ ಕೆಳಕ್ಕೂ ಅಂತ ಮನಸ್ಸಿನಲ್ಲೇ ಜಪ ಮಾಡಿದೆ. ದೇವರೇ, ಅದು ಅಂದಿಗಿಂತ ಚೆನ್ನಾಗಿತ್ತು! ಮೂವತ್ತೊಂದು ವರ್ಷದ ಅಭ್ಯಾಸದ ಮುಂದೆ ನಾಲ್ಕು ದಿನದ ಕನ್ನಡಿ ಏನು ಮಾಡೀತು? ನನ್ನ ಬಾಯಿ ಲೊಚಗುಟ್ಟಿತು. ತಲೆ ಅಡ್ಡಡ್ಡ ಆಡಿತು.

ಅಷ್ಟರಲ್ಲೇ ಅವಳು ಕಣ್ಣು ತೆರೆದಳು.

ದನಿ ನಿಂತಿತು. ಅವಳು ನನ್ನನ್ನು ನೋಡಿದಳು, ಪುಸ್ತಕ ಮುಚ್ಚಿದಳು. ನಾನು ಎದ್ದು “ನೋ! ನೋ! ವೆರಿ ಗುಡ್!” ಅಂದೆ. ಆ ಗಾಬರಿಯಲ್ಲೂ ತಲೆ ಅಡ್ಡಡ್ಡವೇ ಆಡುತ್ತಿತ್ತು. “ನಮ್ಮ ಊರಲ್ಲಿ ಹೀಗೆ ಅಂದರೆ ಬಹಳ ಚೆನ್ನಾಗಿದೆ ಅಂತ ಅರ್ಥ” ಅಂತ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಸಿಟ್ಟು ಇದ್ದಾಗ ಬರುವ ಇಂಗ್ಲಿಷ್ ದುಃಖದಲ್ಲಿ ಬರುವುದಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡಳು. “ಬೇಡಿ ಸರ್. ಬಹಳ ಚೆನ್ನಾಗಿದೆ ಅನ್ನುವವರು ನನ್ನ ಸುತ್ತ ಎಲ್ಲರೂ ಇದ್ದಾರೆ. ನಿಜ ಹೇಳಿದವರು ನೀವಿಬ್ಬರೇ.”

ಹ್ಯಾಥವೇಗೆ ಅವಳ ಬಾಯಿ ಮುಚ್ಚಿದ್ದು ಮಾತ್ರ ಕಂಡಿತ್ತು. ಆದರೂ ಎದ್ದು ನಿಂತು ಹೇಳಿಯೇ ಹೇಳಿದ. “ಮಿಸ್ ಟಿಲ್‌ಮನ್, ನಾನು ಕಿವುಡ. ಹೆಂಗಸಿನ ಮೇಲಿನ ಸ್ವರ ಕೇಳಿ ಆರು ವರ್ಷವಾಯಿತು. ನಿಮ್ಮ ಬಗ್ಗೆ ನಾನು ಬರೆದದ್ದು ಸುಳ್ಳು.” ಆ ಮಾತು ಆಡಲು ಅವನು ಎಷ್ಟು ಕಷ್ಟಪಟ್ಟ ಅಂತ ನಾನು ಕಂಡೆ.

ಅವಳ ಕಣ್ಣು ತುಂಬಿ ಬಂತು. ಅರ್ಧ ಗಂಟೆ ಅವಳ ಒಂದೊಂದು ಮಾತಿಗೂ ಉತ್ತರ ಕೊಟ್ಟ ಮನುಷ್ಯ ಈಗ ಕಿವುಡ ಅಂದರೆ ಯಾರು ನಂಬುತ್ತಾರೆ? ಬಗ್ಗಿ ಚೀಲ ತೆಗೆದುಕೊಳ್ಳುತ್ತಾ, “ನನ್ನ ಸಮಾಧಾನಕ್ಕೆ ನಿಮ್ಮಂಥವರು ಇಷ್ಟು ದೊಡ್ಡ ಸುಳ್ಳು ಹೇಳಬಾರದು ಸರ್. ನಾನು ಬದುಕಿರುವವರೆಗೆ ಇದನ್ನು ಮರೆಯುವುದಿಲ್ಲ” ಅಂದಳು. ಅವಳ ಮುಖ ಆ ಕಡೆ ಇತ್ತು. ಹ್ಯಾಥವೇ ನನ್ನ ತೋಳು ಹಿಡಿದು, “ಏನಂದಳು? ನಂಬಿದಳೇ?” ಅಂತ ಕೇಳುತ್ತಲೇ ಇದ್ದ.

ನಾವು ಹೊರಗೆ ಓಡುವಷ್ಟರಲ್ಲಿ ನೀಲಿ ಕಾರು ತಿರುವಿನಲ್ಲಿತ್ತು. ಫೋರ್ಟ್ ಮಿಲ್ ಇಪ್ಪತ್ತು ನಿಮಿಷದ ದಾರಿ. ಹ್ಯಾಥವೇಯ ಗ್ಯಾರೇಜಿನಲ್ಲಿ ಮಾರ್ಗರೆಟ್‌ಳ ಕಾರು ಇತ್ತು, ಗೂಟಕ್ಕೆ ಕೀಲಿಕೈ ನೇತಾಡುತ್ತಿತ್ತು. ಇಬ್ಬರು ಮುದುಕರು ಆ ಕಾರನ್ನು ನೋಡುತ್ತ ನಿಂತೆವು. ಒಬ್ಬನಿಗೆ ಕಿವಿಯಿಲ್ಲ, ಒಬ್ಬನಿಗೆ ನಾಲಿಗೆಯಿಲ್ಲ, ಇಬ್ಬರಿಗೂ ಕಾರು ಓಡಿಸಲು ಬರುವುದಿಲ್ಲ. ಆ ರಸ್ತೆಯಲ್ಲಿ ಕೂಗಿದರೆ ಓಗೊಡಲು ಒಬ್ಬರೂ ಇರಲಿಲ್ಲ.

ಸಂಜೆ ಸಿದ್ದೇಶ್ವರಿ ಆಸ್ಪತ್ರೆಯಿಂದ ಬಂದೊಡನೆ ಆ ಹುಡುಗಿಗೆ ಫೋನ್ ಮಾಡಿಸಿದೆ. ಅವಳು ಡಾಕ್ಟರಿಕೆಯ ಇಂಗ್ಲಿಷಿನಲ್ಲಿ ತಲೆಯಾಟದ ಅರ್ಥವನ್ನೆಲ್ಲ ಬಿಡಿಸಿ ಹೇಳಿದಳು. ಮಾತು ಮುಗಿಸಿ ಫೋನ್ ಇಟ್ಟು ನನ್ನ ಕಡೆ ತಿರುಗಿದಳು.

“ಏನಂದ್ಲು?”

“ನಿಮ್ಮ ಅಪ್ಪ ಭಾಳ ಒಳ್ಳೆಯವರು, ಅವರಿಗೆ ಥ್ಯಾಂಕ್ಸ್ ಹೇಳ್ರಿ ಅಂದ್ಲು.” ಆಮೇಲೆ ಹೇಳಿದಳು, “ಅಪ್ಪಾ, ಬೇಜಾರ ಮಾಡ್ಕೊಬ್ಯಾಡ. ಹೇಳೋವಾಗ ನನಗ ಸುದ್ದಾ ಅದು ಕಟ್ಟಿ ಹೇಳಿದಂಗ ಅನ್ನಿಸ್ತು.”

ಹ್ಯಾಥವೇ ಕೊನೆಗೂ ಬರೆದ. ತಾನು ಕಿವುಡ, ಆ ವಿಮರ್ಶೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ವಾಷಿಂಗ್ಟನ್ನಿಗೆ ಕಾಗದ ಹಾಕಿದ. ಎರಡು ಸಾಲಿನ ಉತ್ತರ ಬಂತು: ನಿಮ್ಮ ವಿಮರ್ಶೆಗೂ ಇದಕ್ಕೂ ಸಂಬಂಧವಿಲ್ಲ, ಮಿಸ್ ಟಿಲ್‌ಮನ್ ತಾವಾಗಿಯೇ ಹೆಸರು ಹಿಂತೆಗೆದುಕೊಂಡಿದ್ದಾರೆ. ಪತ್ರಿಕೆಗೂ ಅದನ್ನೇ ಬರೆದುಕೊಟ್ಟ. ಸಂಪಾದಕರು ಅದನ್ನು ಹಾಕದೆ, ಆರೋಗ್ಯದ ಕಾರಣದಿಂದ ಹ್ಯಾಥವೇಯವರು ಅಂಕಣ ನಿಲ್ಲಿಸಿದ್ದಾರೆ ಅಂತ ಸಣ್ಣ ಚೌಕ ಹಾಕಿ, ಅವನ ನಲವತ್ತು ವರ್ಷದ ಸೂಕ್ಷ್ಮ ಕಿವಿಯನ್ನು ಹೊಗಳಿದರು. ಅವನು ಅದನ್ನು ನನಗೆ ಓದಲು ಕೊಟ್ಟು ಕಿಟಕಿಯ ಕಡೆ ತಿರುಗಿ ಕೂತ.

ಡಿಸೆಂಬರಿನಲ್ಲಿ ಹಟ ಹಿಡಿದು ಸಿದ್ದೇಶ್ವರಿಯ ಕಾರಿನಲ್ಲಿ ಲೊರೇನ್ ಭಾನುವಾರ ಹಾಡುವ ಫೋರ್ಟ್ ಮಿಲ್‌ನ ಚರ್ಚಿಗೆ ಹೋದೆ. ಹ್ಯಾಥವೇ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆವು. ಅವಳ ಹಾಡು ಕೇಳಿ, ತಲೆ ಎಷ್ಟು ಬೇಕಾದರೂ ಆಡಲಿ, ಆಮೇಲೆ ಎಲ್ಲರೆದುರು ಅವಳ ಕಾಲು ಹಿಡಿದಾದರೂ ನಂಬಿಸಿ ಬರುತ್ತೇನೆ ಅಂದುಕೊಂಡಿದ್ದೆ. ಹಾಡುವವರು ಮೂರು ಸಾಲಾಗಿ ನಿಂತರು. ಅವಳು ಮೇಲಿನ ಸ್ವರದವರ ಸಾಲಿನಲ್ಲಿರಲಿಲ್ಲ. ಕೆಳಗಿನ ಸ್ವರ ಹಾಡುವ ದಪ್ಪ ದನಿಯ ಹೆಂಗಸರ ನಡುವೆ ನಿಂತಿದ್ದಳು. ಹಿತವಾಗಿ, ಜೋಪಾನವಾಗಿ, ಪಕ್ಕದವರ ದನಿಯಲ್ಲಿ ಬೆರೆತು ಹಾಡಿದಳು. ಮೇಲಿನ ಸ್ವರ ಬಂದಾಗ ಬೇರೆ ಯಾರೋ ಕೂಗಿದರು. ಇವಳು ಬಾಯಿ ಮುಚ್ಚಿಕೊಂಡು ಕಾದಳು.

ಮಧ್ಯದಲ್ಲಿ ಅವಳಿಗೆ ನಾನು ಕಂಡೆ. ನನ್ನ ಮುಖವನ್ನೇ ನೋಡಿದಳು.

ನಾನು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸಿದೆ. ಈ ಸಲ ಕಷ್ಟವಾಗಲಿಲ್ಲ. ಅಡ್ಡಡ್ಡ ಆಡುವಂಥದ್ದು ಆ ಹಾಡಿನಲ್ಲಿ ಏನೂ ಇರಲಿಲ್ಲ. ಅವಳ ಮುಖ ಅರಳಿತು.